ಲೈನ್ ಮನೆಯ ಹುಡುಗಿ ಡಾಕ್ಟರ್ ಆಗ್ತೀನಿ ಅಂತಾಳೆ. ದಾರಿ ಗೊತ್ತಿದ್ದವರು ಹೇಳಿ

ರೈಟರ್_ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವನು. ಇಲ್ಲಿ ಸಾಮಾನ್ಯವಾಗಿ ಮೆಣಸಿನ ರೇಟು, ಆನೆ, ಕರೆಂಟು, ಇದೇ ಮಾತು. ಇವತ್ತು ಬೇರೆ ವಿಷಯ.

ನಮ್ಮ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ, ಅಸ್ಸಾಂ ಕಡೆಯ ಒಂದು ಕುಟುಂಬ ಇದೆ. ಅಲ್ಲಿನ ಚಹಾ ತೋಟದವರು. ಅವರ ಮಗಳು ಇಲ್ಲಿನ ಸರ್ಕಾರಿ ಶಾಲೆಗೆ ನಾಲ್ಕನೇ ಕ್ಲಾಸಿಗೆ ಸೇರಿದ್ದು, ಈಗ ಒಂಬತ್ತನೇ ಕ್ಲಾಸು. ಮನೆಯಲ್ಲಿ ಸಾದ್ರಿ ಮಾತಾಡುತ್ತಾರೆ, ಅಲ್ಲಿನ ಚಹಾ ತೋಟದವರ ಭಾಷೆ. ಇವಳ ಕನ್ನಡ ನನ್ನ ಮಗನ ಕನ್ನಡಕ್ಕಿಂತ ಚೆನ್ನಾಗಿದೆ, ಅದು ಬೇರೆ ಮಾತು.

ಲೈನಿನ ಹೆಂಗಸರಿಗೆ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಇವಳನ್ನೇ ಕರೆದುಕೊಂಡು ಹೋಗುತ್ತಾರೆ. ಡಾಕ್ಟರ್ ಕನ್ನಡದಲ್ಲಿ ಕೇಳಿದ್ದನ್ನು ಇವಳು ಸಾದ್ರಿಯಲ್ಲಿ ಕೇಳಿ, ಉತ್ತರ ಕನ್ನಡದಲ್ಲಿ ಹೇಳುತ್ತಾಳೆ. ವಾಪಸ್ ಬಂದ ಮೇಲೆ ಮಾತ್ರೆ ಪಟ್ಟಿಯ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆಯುತ್ತಾಳೆ. ಬೆಳಿಗ್ಗೆಯದಕ್ಕೆ ಗುಡ್ಡದ ಮೇಲೆ ಸೂರ್ಯ, ಮಧ್ಯಾಹ್ನದ್ದಕ್ಕೆ ಬರೀ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಊಟ ಆದ ಮೇಲೆ ತಗೋಬೇಕಾದ್ದಕ್ಕೆ ಪಕ್ಕದಲ್ಲಿ ಒಂದು ತಟ್ಟೆ. ಯಾರೂ ಹೇಳಿಕೊಟ್ಟಿದ್ದಲ್ಲ. ಒಬ್ಬಾಕೆ ಮೂರು ಹೊತ್ತಿನ ಮಾತ್ರೆಯನ್ನು ಒಟ್ಟಿಗೆ ನುಂಗಿದ ಮೇಲೆ ಇವಳೇ ಶುರು ಮಾಡಿದ್ದು.

ಮೊನ್ನೆ ಕಣದಲ್ಲಿ ಕೂತಿದ್ದಾಗ "ಸರ್, ನಾನು ಡಾಕ್ಟರ್ ಆಗಬಹುದಾ?" ಅಂತ ಕೇಳಿದಳು. ನಾನು ಅವಳಿಗೆ ಅಮೆರಿಕದ ಒಬ್ಬ ಮಿದುಳಿನ ಸರ್ಜನ್ ಕಥೆ ಹೇಳಿದೆ. ಆಲ್ಫ್ರೆಡೊ ಕಿನ್ಯೋನೆಸ್ ಇನೊಹೋಸಾ ಅಂತ. ಹೆಸರು ಉದ್ದ, ಅಲ್ಲಿಯವರೂ ಡಾಕ್ಟರ್ ಕ್ಯೂ ಅಂತಲೇ ಕರೆಯುತ್ತಾರೆ. 1968ರಲ್ಲಿ ಮೆಕ್ಸಿಕೋದ ಮೆಕ್ಸಿಕಾಲಿ ಹತ್ತಿರ ಹುಟ್ಟಿದವರು. ಅಪ್ಪನದು ಸಣ್ಣ ಪೆಟ್ರೋಲ್ ಬಂಕ್, ಆಮೇಲೆ ಅದೂ ಕೈಬಿಟ್ಟುಹೋಯಿತು. ಪುಟ್ಟ ತಂಗಿ ಭೇದಿಯಿಂದ ತೀರಿಕೊಂಡಳು. 1987ರಲ್ಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಗಡಿಯ ಬೇಲಿ ಹಾರಿ ಅಮೆರಿಕಕ್ಕೆ ಬಂದರು. ಇಂಗ್ಲಿಷ್ ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ, ಬಂದರಿನಲ್ಲಿ ಗಂಧಕ ತುಂಬುವ ಕೆಲಸ, ಆಮೇಲೆ ರೈಲು ಟ್ಯಾಂಕರುಗಳ ವೆಲ್ಡಿಂಗ್. 1989ರಲ್ಲಿ ಅಂಥ ಒಂದು ಟ್ಯಾಂಕರಿನ ಒಳಗೇ ಬಿದ್ದರು. ಉಸಿರಾಡಲು ಗಾಳಿ ಇಲ್ಲ. ಜೊತೆಯವರು ಎತ್ತಿದ್ದರಿಂದ ಬದುಕಿದರು. ಹತ್ತು ವರ್ಷ ಕಳೆದು 1999ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರ್ ಆಗಿ ಹೊರಗೆ ಬಂದರು. ಈಗ ಫ್ಲೋರಿಡಾದ ಮೇಯೋ ಕ್ಲಿನಿಕ್‌ನಲ್ಲಿ ಮಿದುಳಿನ ಗೆಡ್ಡೆ ತೆಗೆಯುತ್ತಾರೆ. ಮಿಷನ್ ಬ್ರೈನ್ ಅಂತ ಒಂದು ಸಂಸ್ಥೆ ಕಟ್ಟಿ, ದುಡ್ಡಿಲ್ಲದ ರೋಗಿಗಳಿಗೆ ಮೆಕ್ಸಿಕೋದಂಥ ಕಡೆ ಹೋಗಿ ಆಪರೇಷನ್ ಮಾಡುತ್ತಾರೆ.

ಹುಡುಗಿ ಕಣ್ಣು ಬಿಟ್ಟು ಕೇಳಿದಳು. ಆಮೇಲೆ ಒಂದೇ ಪ್ರಶ್ನೆ: "ಅವರು ಯಾವ ಕಾಲೇಜಿಗೆ ಮೊದಲು ಹೋದರು? ಫೀಸು ಯಾರು ಕಟ್ಟಿದರು?" ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೊಗಳಿಕೆ ಬೇಡ. ಇವಳಿಗೆ ಇಲ್ಲಿ ದಾರಿ ಏನು, ಹೇಳಿ.

ಕಾಫಿಹೂ_ಪಾಲಿಬೆಟ್ಟ:

ಸೂರ್ಯ ಚಂದ್ರನ ಐಡಿಯಾ ಓದಿ ತುಂಬಾ ಖುಷಿಯಾಯ್ತು ರೈಟರೇ. ನಮ್ಮ ತೋಟದಲ್ಲೂ ಇದೇ ಪಾಡು. ಬಿಪಿ ಮಾತ್ರೆ ತಲೆನೋವು ಬಂದಾಗ ಮಾತ್ರ ನುಂಗುವವರು ಇದ್ದಾರೆ.

ಗೋಣಿಕೊಪ್ಪದವ:

ರೈಟರ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಬೇಲಿ ಹಾರಿ ಬಂದವನ ಕಥೆಯನ್ನು ಮಕ್ಕಳಿಗೆ ಹೇಳುವ ಅಗತ್ಯ ಏನಿತ್ತು? ಅದೂ ನಮ್ಮ ಜಿಲ್ಲೆಯಲ್ಲಿ. ಹೊರಗಿನಿಂದ ಯಾರು ಬರುತ್ತಿದ್ದಾರೆ, ಎಲ್ಲಿಂದ ಬರುತ್ತಿದ್ದಾರೆ ಅಂತ ಯಾರಿಗೂ ಲೆಕ್ಕ ಇಲ್ಲ. ಇನ್ನೊಂದು ಮಾತು. ನಮ್ಮ ಹಾಡಿಯ, ಅಂದರೆ ಆದಿವಾಸಿ ಕೇರಿಯ ಮಕ್ಕಳು, ಎರವರು, ಜೇನುಕುರುಬರು, ಅವರಲ್ಲಿ ಎಷ್ಟು ಜನ ಡಾಕ್ಟರ್ ಆದರು? ಮೊದಲು ಅದನ್ನು ಕೇಳಿ. ಆಮೇಲೆ ಅಸ್ಸಾಂ.

ರೈಟರ್_ಸಿದ್ದಾಪುರ:

ಲೆಕ್ಕ ಇಲ್ಲ ಅನ್ನಬೇಡಿ. ಇವರ ಆಧಾರ್ ಪ್ರತಿ ಠಾಣೆಗೂ ಕೊಟ್ಟಿದ್ದೇವೆ, ನನ್ನ ಫೈಲಿನಲ್ಲೂ ಇದೆ. ಹಾಡಿ ಮಕ್ಕಳ ಮಾತು ಸರಿ. ಆದರೆ ಈ ಹುಡುಗಿ ಓದಬಾರದು ಅನ್ನುವುದಕ್ಕೆ ಅದು ಕಾರಣ ಆಗಲ್ಲ, ಅಲ್ವಾ?

ಮಡಿಕೇರಿಯಿಂದ_ಮಿಷಿಗನ್:

ನಾನು ಮೈಸೂರಿನಲ್ಲಿ ಓದಿ ಇಲ್ಲಿಗೆ ಬಂದ ಡಾಕ್ಟರ್. ಹುಡುಗಿಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಅದೇ ಸರಿಯಾದ ಪ್ರಶ್ನೆ.

ಡಾಕ್ಟರ್ ಕ್ಯೂ ಮೊದಲು ಹೋದದ್ದು ಹಾರ್ವರ್ಡ್‌ಗೆ ಅಲ್ಲ. ಸ್ಟಾಕ್‌ಟನ್ ಊರಿನ ಸ್ಯಾನ್ ವಾಕೀನ್ ಡೆಲ್ಟಾ ಕಾಲೇಜಿಗೆ. ಇಲ್ಲಿ ಅಂಥವನ್ನು ಕಮ್ಯುನಿಟಿ ಕಾಲೇಜು ಅನ್ನುತ್ತಾರೆ. ಫೀಸು ಬಹಳ ಕಡಿಮೆ. ವಯಸ್ಸು ಕೇಳಲ್ಲ, ಹಳೇ ಮಾರ್ಕ್ಸ್ ಕಾರ್ಡು ನೋಡಿ ಮುಖ ತಿರುಗಿಸಲ್ಲ. ಹಗಲು ದುಡಿದು ರಾತ್ರಿ ಕ್ಲಾಸಿಗೆ ಹೋಗಬಹುದು. ಅವರು ಇಂಗ್ಲಿಷ್ ಕಲಿತದ್ದೇ ಅಲ್ಲಿ. ಅಲ್ಲಿಂದ 1991ರಲ್ಲಿ ಬರ್ಕ್ಲಿ. ಅದು ಸರ್ಕಾರಿ ವಿಶ್ವವಿದ್ಯಾಲಯ. ಹಾರ್ವರ್ಡ್ ಬಂದದ್ದು ಅದಾದ ಮೇಲೆ. ಇನ್ನೂ ಒಂದು ವಿಷಯ ಜನ ಬಿಟ್ಟುಬಿಡುತ್ತಾರೆ. ಅವರು ಬೇಲಿ ಹಾರುವ ಮೊದಲೇ ಮೆಕ್ಸಿಕೋದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ್ದರು. ಬರಿಗೈಯಲ್ಲಿ ಬಂದರೂ ಓದಿನ ರೂಢಿ ಇತ್ತು.

ಗೋಣಿಕೊಪ್ಪದ ಅಣ್ಣನಿಗೆ ಒಂದು ಮಾತು. 1986ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ವಾಸದ ಕಾಗದಪತ್ರ ಇಲ್ಲದೆ ದುಡಿಯುತ್ತಿದ್ದವರಿಗೆ, ಅದರಲ್ಲೂ ಹೊಲದ ಕೆಲಸಗಾರರಿಗೆ, ಕಾಗದ ಮಾಡಿಕೊಳ್ಳುವ ಅವಕಾಶ ಕೊಟ್ಟಿತು. ಸುಮಾರು 27 ಲಕ್ಷ ಜನ ಅದರಿಂದ ಅಲ್ಲಿಯ ಕಾಯಂ ನಿವಾಸಿಗಳಾದರು. ತಂದವರು ರೀಗನ್, ಎಡಪಂಥದವರೇನೂ ಅಲ್ಲ. ಡಾಕ್ಟರ್ ಕ್ಯೂ 1997ರಲ್ಲಿ, ಹಾರ್ವರ್ಡ್‌ನಲ್ಲಿ ಓದುತ್ತಿರುವಾಗಲೇ ಪೌರತ್ವ ಪಡೆದರು. ಆ ಕಾಲಕ್ಕೆ ಬಾಗಿಲು ಅಷ್ಟಾದರೂ ತೆರೆದಿತ್ತು. ಅದೇ ಛಲದ ಇನ್ನೊಬ್ಬ ಹುಡುಗ ಇವತ್ತು ಬಂದರೆ ಹೊಲದಲ್ಲೇ ಉಳಿಯಬಹುದು. ಅವನ ಕಥೆ ಯಾರೂ ಬರೆಯಲ್ಲ.

ಕುಶಾಲನಗರ_ಬ್ರಿಡ್ಜ್:

ಅಂದರೆ ಅವರ ಶ್ರಮಕ್ಕೆ ಬೆಲೆ ಇಲ್ಲವಾ ಡಾಕ್ಟ್ರೇ?

ಮಡಿಕೇರಿಯಿಂದ_ಮಿಷಿಗನ್:

ಇದೆ. ಬಹಳ ಇದೆ. ರೆಸಿಡೆನ್ಸಿ, ಅಂದರೆ ಸರ್ಜನ್ ತರಬೇತಿಯಲ್ಲಿ ಇರುವಾಗ ಎಚ್‌ಐವಿ ರೋಗಿಯ ಸೂಜಿ ಅವರಿಗೆ ಚುಚ್ಚಿತು. ತಿಂಗಳುಗಟ್ಟಲೆ ಔಷಧ ನುಂಗುತ್ತಲೇ ಕೆಲಸ ಮಾಡಿದರು. ಆ ಔಷಧಗಳ ವಾಂತಿ, ಸುಸ್ತು ಹೇಗಿರುತ್ತೆ ಅಂತ ನನಗೆ ಗೊತ್ತು. ನನ್ನ ಮಾತು ಇಷ್ಟೇ: ಮಕ್ಕಳಿಗೆ ಬರೀ ಛಲದ ಕಥೆ ಹೇಳಿದರೆ, ನಾಳೆ ಸೀಟು ಸಿಗದಿದ್ದಾಗ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಛಲ ಇತ್ತು, ಕಾಗದ ಇರಲಿಲ್ಲ, ಅಷ್ಟೇ.

ಇಲ್ಲಿ ವಲಸೆ ಬಂದ ಡಾಕ್ಟರುಗಳ ಕೆಲಸ ಎಲ್ಲಿ ಅಂತಲೂ ಕೇಳಿ. ಅಮೆರಿಕದ ನಾಲ್ಕು ಡಾಕ್ಟರುಗಳಲ್ಲಿ ಹೆಚ್ಚುಕಡಿಮೆ ಒಬ್ಬರು ಹೊರದೇಶದಲ್ಲಿ ಓದಿ ಬಂದವರು. ತರಬೇತಿ ವೀಸಾದಲ್ಲಿ ಬಂದವರು ಎರಡು ವರ್ಷ ತಮ್ಮ ದೇಶಕ್ಕೆ ವಾಪಸ್ ಹೋಗಬೇಕು ಅಂತ ನಿಯಮ. ಅದು ಬೇಡ ಅಂದರೆ, ಡಾಕ್ಟರ್ ಸಿಗದ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಇಂಥ 30 ಜಾಗ. ನಾನೂ ಹಾಗೇ ಮಾಡಿದ್ದು. ಹಿಮ ಬಿದ್ದರೆ ರಸ್ತೆ ಬಂದ್, ಸುತ್ತ ಜೋಳದ ಹೊಲ. ಅಲ್ಲಿಯ ಹುಡುಗರು ಡಾಕ್ಟರ್ ಆಗಿ ದೊಡ್ಡ ಸಿಟಿಗೆ ಹೋಗುತ್ತಾರೆ, ನಾವು ಹೋಗಿ ಆ ಜಾಗ ತುಂಬುತ್ತೇವೆ. ನಮ್ಮ ಕೊಡಗಿನ ಪಿಎಚ್‌ಸಿಗಳ ಕಥೆಯೂ ಅದೇ ಅಲ್ವಾ?

ಎರಡನೇ_ಕ್ಯಾಂಪ್_ಬೈಲಕುಪ್ಪೆ:

ನಾನು ಟಿಬೆಟನ್, ಹುಟ್ಟಿದ್ದು ಬೈಲಕುಪ್ಪೆಯಲ್ಲಿ. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ.

ಮೆಕ್ಸಿಕೋವರೆಗೆ ಯಾಕೆ ಹೋಗುತ್ತೀರಿ? ಕುಶಾಲನಗರದ ಸೇತುವೆ ದಾಟಿದರೆ ನಾವೇ ಇದ್ದೇವಲ್ಲ. ನಮ್ಮ ಅಜ್ಜ ಅಜ್ಜಿ 1960ರ ಕೊನೆಗೆ, 61ಕ್ಕೆ ಇಲ್ಲಿ ಬಂದಾಗ ಪೂರ್ತಿ ಕಾಡು. ಆಗಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕೊಟ್ಟಿತ್ತು. ಮರ ಕಡಿದು, ಜೋಳ ಬಿತ್ತಿ, ರಾತ್ರಿ ಆನೆ ಓಡಿಸಬೇಕು. ಹಿಮದ ಊರಿನವರಿಗೆ ಈ ಸೆಖೆ ತಡೆಯಲಿಲ್ಲ. ಕ್ಷಯ, ಜ್ವರ. ಎಷ್ಟೋ ಜನ ಸತ್ತರು ಅಂತ ಅಜ್ಜಿ ಹೇಳುತ್ತಿದ್ದಳು.

ಆ ಕಾಲದ ಒಬ್ಬ ಡಾಕ್ಟರ್ ಬಗ್ಗೆ ಹೇಳುತ್ತೇನೆ. ಯೇಶಿ ದೊಂಡೆನ್. 1927ರಲ್ಲಿ ಟಿಬೆಟ್‌ನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಸನ್ಯಾಸಿ ಆಗಿ, ಲಾಸಾದ ಚಕ್ಪೋರಿ ವೈದ್ಯ ಶಾಲೆಯಲ್ಲಿ ಕಲಿತವರು. 1959ರಲ್ಲಿ ಎಲ್ಲ ಬಿಟ್ಟು ಬೆಟ್ಟ ದಾಟಿ ಭಾರತಕ್ಕೆ ಬಂದರು. ನಿರಾಶ್ರಿತರ ನಡುವೆಯೇ ನಾಡಿ ಹಿಡಿದು ಔಷಧ ಕೊಡಲು ಶುರು ಮಾಡಿದರು. 1961ರಲ್ಲಿ ಧರ್ಮಶಾಲೆಯಲ್ಲಿ ಮೆನ್‌ತ್ಸಿಖಾಂಗ್ ವೈದ್ಯ ಸಂಸ್ಥೆ ಮತ್ತೆ ಹುಟ್ಟಿದ್ದು ಅವರ ಕೈಯಲ್ಲಿ. 1980ರವರೆಗೆ ದಲಾಯಿ ಲಾಮಾ ಅವರ ವೈದ್ಯರಾಗಿದ್ದರು. ಆಮೇಲೆ ಮೆಕ್ಲಿಯೋಡ್ ಗಂಜ್‌ನಲ್ಲಿ ಸ್ವಂತ ಕ್ಲಿನಿಕ್. ದೇಶದ ಎಲ್ಲ ಕಡೆಯಿಂದ ಬಂದ ರೋಗಿಗಳು ಬಾಗಿಲಲ್ಲಿ ಕಾಯುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂತು. ಮುಂದಿನ ವರ್ಷ ತೀರಿಕೊಂಡರು.

ಆ ಸಂಸ್ಥೆಯ ಶಾಖೆ ಬೈಲಕುಪ್ಪೆಯಲ್ಲೂ ಇದೆ. ಬರುವವರು ನಾವು ಮಾತ್ರ ಅಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರು, ಸೋಮವಾರಪೇಟೆಯ ಅಜ್ಜಿಯರು, ಮಂಡಿನೋವು ಅಂತ ಬಂದು ಕೂರುತ್ತಾರೆ.

ಹೌಸ್_ಸರ್ಜನ್:

ಟಿಬೆಟನ್ ಅಣ್ಣಾ, ನಿಮ್ಮ ಕನ್ನಡದಲ್ಲಿ ತಪ್ಪೇನೂ ಇಲ್ಲ. 🙏 ಸೋವಾ ರಿಗ್ಪಾಗೆ, ಅಂದರೆ ಈ ಟಿಬೆಟನ್ ವೈದ್ಯಕ್ಕೆ, 2010ರಿಂದ ಭಾರತದಲ್ಲಿ ಕಾನೂನಿನ ಮಾನ್ಯತೆಯೂ ಇದೆ. ಆದರೂ ಒಂದು ಮಾತು ಹೇಳಲೇಬೇಕು, ಕ್ಷಮಿಸಿ. ಮಂಡಿನೋವಿಗೆ ಹೋಗಿ, ಬೇಡ ಅನ್ನಲ್ಲ. ಕ್ಯಾನ್ಸರ್ ಅಂದಾಗ ಮಾತ್ರ ಆಂಕಾಲಜಿ ಟ್ರೀಟ್‌ಮೆಂಟ್ ನಿಲ್ಲಿಸಿ ಬೇರೆ ಕಡೆ ಹೋಗಬೇಡಿ. ಗೆಡ್ಡೆ ಸಣ್ಣದಿದ್ದಾಗ ಹೋಗಿ, ಕೈಮೀರಿದ ಮೇಲೆ ವಾರ್ಡಿಗೆ ವಾಪಸ್ ಬಂದವರನ್ನು ನೋಡಿದ್ದೇನೆ.

ರೈಟರ್ ಸರ್, ನಿಮ್ಮ ಹುಡುಗಿಯ ವಿಷಯ. ಕಾಫಿ ಕೊಯ್ಲಿನ ಸೀಸನ್‌ನಲ್ಲಿ ಓಪಿಡಿಗೆ ಅಸ್ಸಾಂ, ಜಾರ್ಖಂಡ್, ಬಂಗಾಳದವರು ತುಂಬಾ ಬರುತ್ತಾರೆ. ನನಗೆ ಹಿಂದಿ ಅಷ್ಟಕ್ಕಷ್ಟೆ, ಸಾದ್ರಿ ಅಂತೂ ಇಲ್ಲವೇ ಇಲ್ಲ. "ಪೇಟ್ ಮೇ ದರ್ದ್" ಅಂದರೆ ಎದೆ ಕೆಳಗಾ, ಹೊಕ್ಕುಳ ಸುತ್ತಲಾ, ಬಲಗಡೆ ಕೆಳಗಾ? ಮೂರೂ ಬೇರೆ ಬೇರೆ ಕಾಯಿಲೆ. ಹೆಂಗಸರು ಮುಟ್ಟಿನ ತೊಂದರೆಯನ್ನು ಮೇಸ್ತ್ರಿಯ ಎದುರು ಹೇಳಲ್ಲ. ಜೊತೆಗೆ ಬಂದ ಮೇಸ್ತ್ರಿ "ಏನಿಲ್ಲ ಸಾರ್, ಗ್ಯಾಸು" ಅಂತ ತಾನೇ ಉತ್ತರ ಕೊಡುತ್ತಾನೆ. ಇಂಥ ಕಡೆ ಈ ಹುಡುಗಿಯಂಥವರು ಒಬ್ಬರಿದ್ದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತೆ. ಆದರೆ ದಯವಿಟ್ಟು ಶಾಲೆ ಬಿಡಿಸಿ ಕಳಿಸಬೇಡಿ.

ನಿವೃತ್ತ_ಟೀಚರ್_ವಿರಾಜಪೇಟೆ:

ಕೊನೇ ಸಾಲಿಗೆ ನನ್ನ ಮತ. ಜನವರಿ ಬಂತೆಂದರೆ ಕ್ಲಾಸು ಖಾಲಿ. ದೊಡ್ಡ ಮಕ್ಕಳು ಹಣ್ಣು ಕೊಯ್ಯಲು, ಸಣ್ಣವರು ತಮ್ಮ ತಂಗಿಯರನ್ನು ನೋಡಿಕೊಳ್ಳಲು. ಒಂಬತ್ತನೇ ಕ್ಲಾಸಿನ ವಿಜ್ಞಾನದ ಅರ್ಧ ಪಾಠ ಆಗಲೇ ಆಗುವುದು.

ಈಗ ದಾರಿ. ನಿಧಾನವಾಗಿ ಓದಿ, ರೈಟರೇ.

ಮೊದಲನೆಯದು ಏಳು ವರ್ಷದ ನಿಯಮ. ಕರ್ನಾಟಕದ ಪಾಲಿನ ಸರ್ಕಾರಿ ಮೆಡಿಕಲ್ ಸೀಟು ಬೇಕಾದರೆ, ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಇಲ್ಲೇ ಓದಿರಬೇಕು. ಈ ಹುಡುಗಿ ನಾಲ್ಕನೇ ಕ್ಲಾಸಿಗೆ ಬಂದಿದ್ದಾಳೆ. ಪಿಯುಸಿಯನ್ನೂ ಇಲ್ಲೇ ಮುಗಿಸಿದರೆ ಒಂಬತ್ತು ವರ್ಷ. ಸಾಕು. ಆದರೆ ಅಪ್ಪ ಅಮ್ಮ ಕೊಯ್ಲು ಮುಗಿಸಿ ಊರಿಗೆ ಹೋದಾಗ ಅಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಓದಿಸಿ ಮತ್ತೆ ಕರೆತಂದರೆ ಲೆಕ್ಕ ತಪ್ಪುತ್ತೆ. ಎಷ್ಟೋ ಮಕ್ಕಳದು ಹೀಗೇ ತಪ್ಪಿದೆ. ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ತಗೊಳ್ಳಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಸಹಿ ಹಾಕಿಸಿ. ಈಗಲೇ. ಮುಖ್ಯ ಶಿಕ್ಷಕರು ವರ್ಗ ಆದ ಮೇಲೆ ಹಳೇ ದಾಖಲಾತಿ ಪುಸ್ತಕ ಹುಡುಕಿಸುವುದು ಯಾರಿಗೆ ಬೇಕು.

ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮ ಮೀಸಲು ಇವಳಿಗೆ ಸಿಗಲ್ಲ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಓದಿರಬೇಕು. ಮೂರು ವರ್ಷ ಅಸ್ಸಾಂನಲ್ಲಿ ಕಳೆದಿದೆ. ಅನ್ಯಾಯ ಅನ್ನಿಸುತ್ತೆ, ಆದರೆ ನಿಯಮ ಅದು.

ಗೋಣಿಕೊಪ್ಪದವ:

ಅವರು ಆದಿವಾಸಿಗಳಾದರೆ ಎಸ್‌ಟಿ ಸೀಟು ಕೇಳುತ್ತಾರೆ. ಆಗ ನಮ್ಮ ಹಾಡಿ ಮಕ್ಕಳ ಪಾಲು ಕಮ್ಮಿ. ನಾನು ಹೇಳಿದ್ದು ಅದೇ.

ನಿವೃತ್ತ_ಟೀಚರ್_ವಿರಾಜಪೇಟೆ:

ಇಲ್ಲಪ್ಪ, ಕೇಳಲು ಬರಲ್ಲ. ಒಂದು ರಾಜ್ಯದ ಎಸ್‌ಟಿ ಪತ್ರ ಇನ್ನೊಂದು ರಾಜ್ಯದ ಸೀಟಿಗೆ ನಡೆಯಲ್ಲ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅದೂ ಮೆಡಿಕಲ್ ಸೀಟಿನ ಕೇಸೇ. ಆಂಧ್ರದ ಪರಿಶಿಷ್ಟ ಪಂಗಡದ ಹುಡುಗ, ಅಪ್ಪನ ಕೆಲಸಕ್ಕಾಗಿ ಚಿಕ್ಕವನಿದ್ದಾಗಲೇ ಮುಂಬೈಗೆ ಬಂದಿದ್ದ. ಮಹಾರಾಷ್ಟ್ರದಲ್ಲಿ ಮೀಸಲು ಸಿಗಲಿಲ್ಲ.

ಅದಿರಲಿ, ಚಹಾ ತೋಟದ ಆದಿವಾಸಿಗಳು ಅಸ್ಸಾಂನಲ್ಲಿ ಎಸ್‌ಟಿ ಪಟ್ಟಿಯಲ್ಲೂ ಇಲ್ಲ. ಅವರ ಮುತ್ತಜ್ಜಂದಿರನ್ನು ಬ್ರಿಟಿಷರು ಈಗಿನ ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ಅಲ್ಲಿಗೆ ಸಾಗಿಸಿದ್ದು. ಜಾರ್ಖಂಡ್‌ನಲ್ಲಿ ಉಳಿದ ಅಣ್ಣತಮ್ಮಂದಿರ ಮಕ್ಕಳು ಎಸ್‌ಟಿ, ಅಸ್ಸಾಂಗೆ ಹೋದವರ ಮಕ್ಕಳು ಒಬಿಸಿ, ಕೊಡಗಿಗೆ ಬಂದ ಮೊಮ್ಮಕ್ಕಳು ಇಲ್ಲಿಯ ಲೆಕ್ಕದಲ್ಲಿ ಏನೂ ಅಲ್ಲ. ಪ್ರತಿ ಸಲ ಊರು ಬಿಟ್ಟಾಗಲೂ ಒಂದು ಮೆಟ್ಟಿಲು ಕೆಳಗೆ.

ಹಾಡಿ ಮಕ್ಕಳ ಬಗ್ಗೆ ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ. ರಾಜ್ಯದಲ್ಲಿ ಎಸ್‌ಟಿ ಪಾಲು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿತು. ಹಾಗಿದ್ದೂ ಎರವರ ಹುಡುಗಿ ಅದೇ ಪಟ್ಟಿಯ ದೊಡ್ಡ ದೊಡ್ಡ ಸಮುದಾಯಗಳ ಜೊತೆ ಪೈಪೋಟಿ ಮಾಡಬೇಕು. ಹಾಡಿಯಲ್ಲಿ ಆಡುವ ಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ಅವರ ದಾರಿಗೆ ಅಡ್ಡ ಇರುವುದು ಅಸ್ಸಾಂನ ಹುಡುಗಿ ಅಲ್ಲ.

ಮಡಿಕೇರಿಯಿಂದ_ಮಿಷಿಗನ್:

ಟೀಚರ್, ಒಂದು ಅನುಮಾನ. ಆಲ್ ಇಂಡಿಯಾ ಕೋಟಾದಲ್ಲಿ?

ನಿವೃತ್ತ_ಟೀಚರ್_ವಿರಾಜಪೇಟೆ:

ಅದನ್ನೇ ಬರೆಯುತ್ತಿದ್ದೆ, ಕರೆಂಟು ಹೋಯಿತು. ಪ್ರತಿ ಸರ್ಕಾರಿ ಮೆಡಿಕಲ್ ಕಾಲೇಜಿನ ನೂರರಲ್ಲಿ 15 ಎಂಬಿಬಿಎಸ್ ಸೀಟು ಅಖಿಲ ಭಾರತ ಪಾಲು. ಅಲ್ಲಿ 2021ರಿಂದ ಒಬಿಸಿಗೆ ಶೇಕಡಾ 27 ಇದೆ. ಅಸ್ಸಾಂನ ಚಹಾ ತೋಟದ ಬುಡಕಟ್ಟುಗಳು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇವೆ. ಹಾಗಾಗಿ ಅಪ್ಪನ ಊರಿನಿಂದ ಕೇಂದ್ರದ ನಮೂನೆಯಲ್ಲಿ ಒಬಿಸಿ ಪತ್ರ ತಂದರೆ ಅಲ್ಲಿ ನಡೆಯುತ್ತೆ. ಕೆನೆಪದರದಲ್ಲಿ, ಅಂದರೆ ಒಬಿಸಿಯ ಅನುಕೂಲಸ್ಥರಲ್ಲಿ, ಇಲ್ಲ ಅನ್ನುವುದು ಅದರಲ್ಲಿ ಇರಬೇಕು, ಪತ್ರ ಹೊಸದಿರಬೇಕು. ಅಂದರೆ ಇವಳಿಗೆ ಎರಡು ಬಾಗಿಲು. ಕರ್ನಾಟಕದ ಪಾಲಿನಲ್ಲಿ ಮೀಸಲು ಇಲ್ಲದ ಜನರಲ್ ಮೆರಿಟ್, ಅಖಿಲ ಭಾರತದಲ್ಲಿ ಒಬಿಸಿ.

ಕಾಫಿಹೂ_ಪಾಲಿಬೆಟ್ಟ:

ಟೀಚರ್, ಇದು ಎಷ್ಟು ಜನ ರೈಟರ್‌ಗಳಿಗೆ ಗೊತ್ತಿದೆ? ನನಗಂತೂ ಗೊತ್ತಿರಲಿಲ್ಲ. ತೋಟ ನಡೆಸುವ ನಾವು ಲೈನಿಗೆ ಟಿವಿ ಡಿಶ್ ಹಾಕಿಸಿ ದೊಡ್ಡ ಕೆಲಸ ಮಾಡಿದೆವು ಅಂದುಕೊಳ್ಳುತ್ತೇವೆ.

ಹೌಸ್_ಸರ್ಜನ್:

ದುಡ್ಡಿನ ಲೆಕ್ಕವೂ ಹೇಳಿಬಿಡುತ್ತೇನೆ. ಸರ್ಕಾರಿ ಸೀಟಾದರೆ ಫೀಸು ವರ್ಷಕ್ಕೆ ಲಕ್ಷದೊಳಗೆ. ಪ್ರೈವೇಟ್ ಸೀಟಿನ ಮಾತು ಬಿಡಿ, ತೋಟದ ಮಾಲೀಕರೇ ಬೆವರುತ್ತಾರೆ. ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, 150 ಸೀಟು. ಮುಂಚೆ ಮೈಸೂರು, ಮಂಗಳೂರು ಅಂತ ಓಡಬೇಕಿತ್ತು. ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಆದರೆ ಎಂಬಿಬಿಎಸ್ ಪುಸ್ತಕ ಎಲ್ಲ ಇಂಗ್ಲಿಷ್. ನಾನು ಕನ್ನಡ ಮೀಡಿಯಂ. ಮೊದಲ ವರ್ಷ ಅನಾಟಮಿ ಪುಸ್ತಕದ ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು. ಅದಕ್ಕೇ ಪಿಯುಸಿಯಲ್ಲಿ ಬಯಾಲಜಿಯನ್ನು ಇಂಗ್ಲಿಷಿನಲ್ಲೂ ಓದಿಸಿ. ಕೋಚಿಂಗ್ ಇಲ್ಲದಿದ್ದರೂ ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲು ಬಾಯಿಗೆ ಬರಬೇಕು. ಬಯಾಲಜಿಯಲ್ಲಿ ಬಹುಪಾಲು ಪ್ರಶ್ನೆ ಅಲ್ಲಿಂದಲೇ.

ಗೋಣಿಕೊಪ್ಪದವ:

ಟೀಚರಮ್ಮ ಹೇಳಿದ್ದು ಒಪ್ಪಿದೆ, ಪೂರ್ತಿ ಅಲ್ಲ. ಬೇಲಿ ಹಾರಿದ್ದು ತಪ್ಪೇ. ಆದರೆ ಈ ಹುಡುಗಿ ಬೇಲಿ ಹಾರಿಲ್ಲ, ರೈಲು ಹತ್ತಿ ಬಂದಿದ್ದಾಳೆ, ಅದು ನಿಜ. ನನ್ನ ಪರಿಚಯದ ಹಾಡಿಯಲ್ಲಿ ಒಬ್ಬ ಹುಡುಗ ಈ ಸಲ ಎಸ್‌ಎಸ್‌ಎಲ್‌ಸಿ. ಅವನಿಗೂ ಈ ಕಾಗದಪತ್ರದ ವಿಷಯ ಯಾರಾದರೂ ಹೇಳಿಕೊಡುತ್ತೀರಾ?

ನಿವೃತ್ತ_ಟೀಚರ್_ವಿರಾಜಪೇಟೆ:

ಕರೆದುಕೊಂಡು ಬಾ. ಶನಿವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ. ಆಧಾರ್, ಜಾತಿ ಪತ್ರ, ಒಂದನೇ ಕ್ಲಾಸಿನಿಂದ ಓದಿದ ಶಾಲೆಗಳ ಹೆಸರು ಬರೆದು ತರಲಿ.

ಕುಶಾಲನಗರ_ಬ್ರಿಡ್ಜ್:

ಒಂದು ಪ್ರಶ್ನೆ. ಇಂಥ ಮಕ್ಕಳನ್ನು ಟಿಸಿ ಇಲ್ಲ ಅಂತ ಶಾಲೆಗೇ ಸೇರಿಸಿಕೊಳ್ಳಲ್ಲ ಅಂತಾರಲ್ಲ? ನಮ್ಮ ಬಾಡಿಗೆ ಮನೆಯವರ ಮಗನಿಗೆ ಒಂದು ಶಾಲೆಯಲ್ಲಿ ಹಾಗೇ ಹೇಳಿ ಕಳಿಸಿದರು.

ನಿವೃತ್ತ_ಟೀಚರ್_ವಿರಾಜಪೇಟೆ:

ಹಾಗೆ ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು, ಜನನ ಪತ್ರ ಇಲ್ಲ ಅಂತ ಮಗುವನ್ನು ಸರ್ಕಾರಿ ಶಾಲೆ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಬಿಇಒಗೆ ಒಂದು ಅರ್ಜಿ ಬರೆಯಿರಿ. ಸುಮ್ನೆ ಜಗಳ ಆಡಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಎರಡನೇ_ಕ್ಯಾಂಪ್_ಬೈಲಕುಪ್ಪೆ:

ನಮ್ಮ ಕ್ಯಾಂಪಿನಲ್ಲಿ ಮೊದಲು ಬಂದವರಿಗೆ ಹೊಲದ ಜೊತೆಗೆ ಶಾಲೆಯೂ ಸಿಕ್ಕಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಅಮ್ಮ ನರ್ಸ್ ಆದಳು. ಮಿಷಿಗನ್ ಡಾಕ್ಟರ್ ಬಾಗಿಲು ಅಂದಿದ್ದು ನನಗೆ ಅದಕ್ಕೇ ಸರಿ ಅನ್ನಿಸಿತು. ಲೈನ್ ಮನೆಯವರಿಗೆ ನಮ್ಮ ಹಾಗೆ ಕ್ಯಾಂಪ್ ಇಲ್ಲ, ಆಫೀಸ್ ಇಲ್ಲ. ರೈಟರ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ರೈಟರ್_ಸಿದ್ದಾಪುರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಹುಡುಗಿಯ ಅಪ್ಪನನ್ನು ಕೂರಿಸಿ ಎಲ್ಲ ಹೇಳಿದೆ. ಮಾರ್ಚಿನಲ್ಲಿ ಕೊಯ್ಲು ಮುಗಿದ ಮೇಲೆ ಊರಿಗೆ ಹೋಗುವಾಗ ಮಗಳನ್ನು ಇಲ್ಲೇ ಬಿಟ್ಟು ಹೋಗಲು ಹಿಂದೆಮುಂದೆ ನೋಡುತ್ತಿದ್ದಾನೆ. ಬೆಳೆದ ಹುಡುಗಿ, ತಪ್ಪಿಲ್ಲ. ಕೊನೆಗೆ ಪರೀಕ್ಷೆ ಮುಗಿಯುವವರೆಗೆ ಅಮ್ಮ ಜೊತೆಗಿರುತ್ತಾಳೆ, ಅಪ್ಪ ಒಬ್ಬನೇ ಹೋಗಿ ಬರುತ್ತಾನೆ ಅಂತಾಯಿತು. ಒಬಿಸಿ ಪತ್ರಕ್ಕೆ ಏನೇನು ಬೇಕು ಅಂತ ಒಂದು ಚೀಟಿ ಹಿಂದಿಯಲ್ಲಿ ಬರೆದು ಕೊಡಬೇಕು. ನನ್ನ ಹಿಂದಿ ಸಾಲದು, ಯಾರಾದರೂ ಸಹಾಯ ಮಾಡಿ.

ಡಾಕ್ಟರ್ ಕ್ಯೂ ಮೊದಲು ಹೋದದ್ದು ಕಡಿಮೆ ಫೀಸಿನ ರಾತ್ರಿ ಕಾಲೇಜಿಗೆ ಅಂದೆ. "ಹಾಗಾದರೆ ಸಿದ್ದಾಪುರದಲ್ಲಿ ರಾತ್ರಿ ಕಾಲೇಜು ಇದೆಯಾ?" ಅಂತ ಕೇಳುತ್ತಾಳೆ. ಬಿಡಲ್ಲ ಇವಳು.

ಹೌಸ್_ಸರ್ಜನ್:

ಹಿಂದಿ ಚೀಟಿ ನನ್ನ ರೂಮ್‌ಮೇಟ್ ಬರೆದುಕೊಡುತ್ತಾನೆ, ಬಿಹಾರದವನು. ನನ್ನ ಹಳೇ ಎನ್‌ಸಿಇಆರ್‌ಟಿ ಪುಸ್ತಕಗಳು ಒಂದು ಚೀಲ ಇವೆ. ಅವಳಿಗೆ ಈಗಲೇ ಬೇಡ, ಆದರೂ ಇರಲಿ. ಮಡಿಕೇರಿಯಿಂದ ಸಿದ್ದಾಪುರ ಬಸ್ಸಿಗೆ ಹಾಕಿ ಕಳಿಸಲಾ?

ರೈಟರ್_ಸಿದ್ದಾಪುರ:

ಕಳಿಸಿ ಡಾಕ್ಟ್ರೇ, ಸ್ಟ್ಯಾಂಡಿಗೆ ನಾನೇ ಬಂದು ತಗೋತೀನಿ. ಫಿಸಿಕ್ಸ್ ಮೇಲೆ ಇಡಿ. ಅವಳಿಗೆ ಭಯ ಇರುವುದು ಅದೊಂದಕ್ಕೇ.